ಎದುರು ಕೈ

ಹೊಂಬಾಳೆಯ ಅಂಗೈ ನನ್ನದಕ್ಕಿಂತ ಅರ್ಧ ಬೆರಳು ಅಗಲ. ಬಲಗೈಯ ಕಿರುಬೆರಳು ಸ್ವಲ್ಪ ಒಳಕ್ಕೆ ಬಾಗಿದೆ. ಏಳು ವರ್ಷದವಳಿದ್ದಾಗ ಒರಳುಕಲ್ಲಿಗೆ ಸಿಕ್ಕಿ ಆದದ್ದು. ಹೆಬ್ಬೆರಳಿನ ಬುಡದಲ್ಲಿ ಎರಡು ಮಚ್ಚೆಗಳಿವೆ. ದೊಡ್ಡದು ಎಳ್ಳಿನಷ್ಟು, ಚಿಕ್ಕದು ಸಾಸಿವೆಗಿಂತ ಕಡಿಮೆ. ನನ್ನ ಗಂಡನ ಕೈಯ ಬಗ್ಗೆ ಇಷ್ಟು ವಿವರ ಕೇಳಿದರೆ ಹೇಳಲು ಬರುವುದಿಲ್ಲ. ಅವರಿಗೂ ಅದು ಗೊತ್ತು. "ನನ್ನ ಕೈ ಹಿಡಿದದ್ದು ಒಂದೇ ಸಲ, ಅದೂ ಪುರೋಹಿತರು ಹೇಳಿದರು ಅಂತ. ಆ ಹೊಂಬಾಳೆ ಕೈ ಹಿಡಿದದ್ದಕ್ಕೆ ಲೆಕ್ಕ ಉಂಟಾ?" ಅನ್ನುತ್ತಾರೆ. ಲೆಕ್ಕ ಉಂಟು. ಹತ್ತೊಂಬತ್ತು ವರ್ಷದಲ್ಲಿ ಇನ್ನೂರ ಎಂಬತ್ತಾರು ಸಲ.

ನಮ್ಮ ಊರಿನ ಮೇಲೆ ಒಂದೇ ಬಳ್ಳಿ ಹಬ್ಬಿದೆ. ಮುನ್ನೂರ ಹನ್ನೆರಡು ಮನೆ, ಎರಡು ಶಾಲೆ, ಒಂದು ಅಚ್ಚುಕೂಟ, ಎಲ್ಲಕ್ಕೂ ಅದೇ ಸೂರು, ಅದೇ ನೆರಳು, ಅದರ ಕಾಯಿಯದೇ ಸಾರು. ಬಳ್ಳಿಯ ಬುಡದಿಂದ ಹೊರಟ ದಾರ ಸುರುಳಿಮನೆಯ ಉದ್ದಕ್ಕೂ ಹಾದು ಮತ್ತೆ ಬುಡಕ್ಕೆ ಹೋಗಿ ಸೇರುತ್ತದೆ. ಸುರುಳಿಮನೆ ಎಂದರೆ ಒಂದು ಕಡೆ ನಿಂತರೆ ಇನ್ನೊಂದು ತುದಿ ಕಾಣದಷ್ಟು ಉದ್ದದ ಹಂಚಿನ ಕಟ್ಟಡ. ದಾರದ ಬಹುಪಾಲು ಮರದ ಉರುಳೆಗಳಿಗೆ ಬಿಗಿಯಾಗಿ ಸುತ್ತಿಕೊಂಡಿದೆ. ಎರಡು ಎಳೆಯ ದಾರ. ಎಳೆಗಳ ಮೇಲೆ ನಾಲ್ಕೇ ಬಗೆಯ ಗಂಟು: ಒರಟು, ನುಣುಪು, ಸೀಳು, ಮೊನೆ. ಒಂದು ಎಳೆಯಲ್ಲಿ ಒರಟು ಇದ್ದಲ್ಲಿ ಎದುರಿನ ಎಳೆಯಲ್ಲಿ ನುಣುಪು, ಸೀಳು ಇದ್ದಲ್ಲಿ ಮೊನೆ. ಇದನ್ನು ನಮ್ಮ ಮಕ್ಕಳು ಮಗ್ಗಿಗೂ ಮೊದಲು ಕಲಿಯುತ್ತಾರೆ.

ಊರಿಗೆ ಬಂದ ಸೊಸೆಯನ್ನು ಮದುವೆಯಾದ ಮೂರನೆಯ ದಿನ ಸುರುಳಿಮನೆಗೆ ಕರೆತರುತ್ತಾರೆ. ಅವಳು ಕಣ್ಣು ಮುಚ್ಚಿ, ದಾರದ ಮೇಲೆ ಅಂಗೈ ಜಾರಿಸುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಬೇಕು. ಹೆಚ್ಚಿನವರ ಕೈ ಎಲ್ಲೂ ನಿಲ್ಲುವುದಿಲ್ಲ. ಅಂಥವರು ಉರುಳೆ ಬಿಚ್ಚುತ್ತಾರೆ, ಇಲ್ಲವೇ ನಕಲು ಎತ್ತುತ್ತಾರೆ. ಕೆಲವರ ಕೈ ಮಾತ್ರ ಯಾವುದೋ ಒಂದು ಕಡೆ ಗಕ್ಕನೆ ನಿಲ್ಲುತ್ತದೆ. ಬಳ್ಳಿಗೆ ಬರುವ ಒಂದೊಂದು ಕಷ್ಟಕ್ಕೂ ದಾರದಲ್ಲಿ ಒಂದೊಂದು ಜಾಗ: ಚಳಿಯ ಜಾಗದಲ್ಲಿ ನಿಲ್ಲುವವರಿದ್ದಾರೆ, ಉಪ್ಪಿನ ಜಾಗದಲ್ಲಿ, ಹುಳದ ಜಾಗದಲ್ಲಿ ನಿಲ್ಲುವವರಿದ್ದಾರೆ. ಒಂದು ಗಂಟು ಆಚೀಚೆಯಾದರೂ ಆ ಕೈ ಹಿಡಿಯುವುದಿಲ್ಲ. ಊರಿನಲ್ಲೇ ಹುಟ್ಟಿದವರ ಕೈಯನ್ನು ಹದಿನೆಂಟು ತುಂಬಿದಾಗ ನೋಡುತ್ತಾರೆ. ಹೊಂಬಾಳೆಯ ಕೈ ಹಾಗೆ ನಿಂತದ್ದು ಇನ್ನೂರ ಏಳನೆಯ ಕಂಬದ ಹತ್ತಿರ, ಒಣಗಾಳಿಯ ಜಾಗದಲ್ಲಿ. ಆರು ವರ್ಷ ಅವಳು ಎದುರು ಕೈಗಾಗಿ ಕಾದಳು. ಆಮೇಲೆ ಸೊಸೆಯಾಗಿ ನಾನು ಬಂದೆ, ನನ್ನ ಕೈಯೂ ಅಲ್ಲೇ ನಿಂತಿತು. ಕಣ್ಣು ಬಿಟ್ಟಾಗ ದಾರದ ಆಚೆ ಅವಳು ನಿಂತಿದ್ದಳು. "ಬಂದೆಯಾ ತಾಯಿ, ಕಾದು ಕಾದು ನನ್ನ ಕಾಲು ಬೇರು ಬಿಟ್ಟಿತ್ತು" ಅಂದಳು. ನಾನು ಈ ಊರಿನಲ್ಲಿ ಕೇಳಿದ ಮೊದಲ ತಮಾಷೆ ಅದು.

ನಮ್ಮ ಜಾಗದ ಗಂಟುಗಳು ಒರಟು, ಸೀಳು, ಮೊನೆ, ನುಣುಪು. ನನ್ನ ಕಡೆಯಿಂದ ಮುಟ್ಟುತ್ತಾ ಹೋದರೂ ಇದೇ ಕ್ರಮ, ಎದುರು ನಿಂತ ಅವಳ ಕಡೆಯಿಂದ ಮುಟ್ಟುತ್ತಾ ಹೋದರೂ ಇದೇ ಕ್ರಮ. ಆದ್ದರಿಂದ ಇದು ಇಬ್ಬರು ಎದುರುಬದುರು ನಿಂತು ಹಿಡಿಯುವ ಜಾಗ. ಗಾಳಿ ಒಣಗಿ ಬೇರಿಗೆ ನೀರು ಸಾಲದಾದಾಗ ಬಳ್ಳಿಯಿಂದ ಒಂದು ಕಹಿ ವಾಸನೆ ಏಳುತ್ತದೆ, ಬೇವಿನ ಹೊಗೆಗೆ ಸ್ವಲ್ಪ ಹುಳಿ ಬೆರೆತ ಹಾಗೆ. ಗಂಟೆ ಬಾರಿಸುತ್ತಾರೆ. ಸುರುಳಿಮನೆಯ ಬಾಗಿಲಲ್ಲಿ ಮೇಲ್ವಿಚಾರಕ ಮರಿಯಪ್ಪ ಸುಣ್ಣದ ಬಟ್ಟಲು ಹಿಡಿದು ಕೂತಿರುತ್ತಾರೆ. ಅವರು ಮಣಿಕಟ್ಟಿನ ಮೇಲೆ ಬೊಟ್ಟಿಟ್ಟು, ಅದು ಒಣಗಿದ ಮೇಲೆಯೇ ಕೈಗೆ ಹಿಡಿತ ಬರುವುದು. ಉರುಳೆಯವರು ದಾರ ಸಡಿಲಿಸುತ್ತಾರೆ. ನಾವಿಬ್ಬರೂ ಹಿಡಿಯುತ್ತೇವೆ. ದಾರದ ಮೇಲೆ ನಮ್ಮ ಬೆರಳುಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಹಿಡಿದ ಜಾಗದ ಪಕ್ಕದಿಂದ ನಕಲಿನವರು ಹೊರಟು, ಒದ್ದೆ ಬಟ್ಟೆಯ ಪಟ್ಟಿಯನ್ನು ಗಂಟುಗಳ ಮೇಲೆ ಒತ್ತುತ್ತಾ ಹೋಗಿ, ಅಚ್ಚು ಎತ್ತಿ, ಪಟ್ಟಿಯನ್ನು ಬಳ್ಳಿಯ ಬುಡಕ್ಕೆ ಕಟ್ಟುತ್ತಾರೆ. ಸ್ವಲ್ಪ ಹೊತ್ತಿಗೆ ಊರಿನ ಮೇಲಿನ ಎಲೆಗಳೆಲ್ಲ ತಮ್ಮ ಸಣ್ಣ ಬಾಯಿಗಳನ್ನು ಮುಚ್ಚಿಕೊಳ್ಳುತ್ತವೆ. ಒಳಗಿನ ನೀರು ಒಳಗೇ ಉಳಿಯುತ್ತದೆ. ನಮ್ಮ ಹಿಡಿತ ಎಷ್ಟು ಹೊತ್ತು ನಿಂತರೆ ಅಷ್ಟು ಪಟ್ಟಿ.

ಎಷ್ಟು ಹೊತ್ತು ಎಂಬುದನ್ನು ಹೊಂಬಾಳೆ ಗಟ್ಟಿಯಾಗಿ ಎಣಿಸುತ್ತಿದ್ದಳು. ನಾನು ತುಟಿಯಲ್ಲೇ ಎಣಿಸುತ್ತಿದ್ದೆ. ನಮ್ಮ ಅತ್ಯುತ್ತಮ ಎಣಿಕೆ ನೂರ ನಾಲ್ಕು, ಪಟ್ಟಿ ಎಂಟು. ಇದನ್ನು ನಾನೇ ಅಚ್ಚು ಹಾಕಿದ್ದೇನೆ. ಮದುವೆಗೆ ಮೊದಲು ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಊರಿನ ಎರಡು ಪುಟದ ವಾರಪತ್ರದಲ್ಲಿ ಸುರುಳಿಮನೆಯ ಸುದ್ದಿ ನನ್ನ ಪಾಲಿಗೆ ಬಂತು. ದಿನ, ವೇಳೆ, ಜಾಗ, ಹಿಡಿದವರ ಹೆಸರು, ಎಣಿಕೆ, ಪಟ್ಟಿ. ಹತ್ತೊಂಬತ್ತು ವರ್ಷದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ.

ರುಕ್ಕು ಕಳೆದ ಮಾಘದಲ್ಲಿ ಕೆಳಗೇರಿಗೆ ಸೊಸೆಯಾಗಿ ಬಂದಳು. ಇಪ್ಪತ್ತಾರು ವರ್ಷ, ಸಣ್ಣ ಆಳು, ಮಾತಿಗೊಮ್ಮೆ "ಅಲ್ವಾ ಅಕ್ಕಾ" ಅನ್ನುವವಳು. ಮೂರನೆಯ ದಿನ ದಾರದ ಮೇಲೆ ಕೈ ಜಾರಿಸುತ್ತಾ ಬಂದಳು. ನಾನು ಬರೆದುಕೊಳ್ಳಲು ಪೆನ್ಸಿಲು ಹಿಡಿದು ನಿಂತಿದ್ದೆ. ನೂರನೆಯ ಕಂಬ ದಾಟಿತು, ಇನ್ನೂರು ದಾಟಿತು. ಇನ್ನೂರ ಏಳರಲ್ಲಿ ನಿಂತಿತು. ಹಿಂದಿದ್ದ ಹೆಂಗಸರು ಗೊಳ್ಳೆಂದು ನಕ್ಕರು. "ಅಯ್ಯೋ ಮಗಳೇ, ಆ ಮನೆಗೆ ಆಗಲೇ ಇಬ್ಬರು ಯಜಮಾನಿಯರಿದ್ದಾರೆ!" ಎಂದು ಯಾರೋ ಕೂಗಿದರು. ರುಕ್ಕು ಕಣ್ಣು ಬಿಟ್ಟು ನನ್ನನ್ನು ನೋಡಿ, "ತಪ್ಪಾಯ್ತಾ ಅಕ್ಕಾ?" ಅಂದಳು. "ಕೈ ನಿಲ್ಲುವುದರಲ್ಲಿ ತಪ್ಪೇನು ಬಂತು" ಅಂದೆ. ಹೊಂಬಾಳೆ ರುಕ್ಕುವಿನ ಕೈ ನೋಡುತ್ತಿದ್ದಳು.

ಇಬ್ಬರಿರುವ ಜಾಗಕ್ಕೆ ಮೂರನೆಯವರು ಬಂದರೆ ಅವರು ಬದಲಿ. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರುತ್ತಾರೆ, ಅಷ್ಟೆ. ರುಕ್ಕು ಕೂತಳು. ನಮ್ಮ ಮುಂದಿನ ಎರಡು ಹಿಡಿತಗಳಲ್ಲಿ ಎಣಿಕೆ ತೊಂಬತ್ತೆಂಟು, ನೂರ ಒಂದು. ಏನೂ ಕೆಟ್ಟಿರಲಿಲ್ಲ. ಆಮೇಲೆ ಚೈತ್ರದ ಎರಡನೆಯ ವಾರ ನನ್ನ ಬಲಗೈಯ ತೋರುಬೆರಳಿಗೆ ಉಗುರುಸುತ್ತು ಆಯಿತು.

ಉಗುರುಸುತ್ತಿಗೆ ನಿಂಬೆಹಣ್ಣು ಕೊರೆದು ಬೆರಳಿಗೆ ಸಿಕ್ಕಿಸಿಕೊಳ್ಳುವುದು ಬಿಟ್ಟರೆ ಬೇರೆ ಉಪಾಯ ನನಗೆ ಗೊತ್ತಿಲ್ಲ. ಗಂಟೆ ಬಾರಿಸಿದಾಗ ನಿಂಬೆಹಣ್ಣಿನ ಸಮೇತ ಓಡಿದೆ. ಮರಿಯಪ್ಪ ಬಟ್ಟಲು ಹಿಂದಕ್ಕೆಳೆದುಕೊಂಡರು. "ಕಮಲಾಕ್ಷಮ್ಮ, ಈ ಹಣ್ಣು ಇಟ್ಟುಕೊಂಡು ದಾರ ಹಿಡೀತೀರೋ, ಪಾನಕ ಮಾಡ್ತೀರೋ? ಬೆಂಚಿನ ಮೇಲೆ ಕೂತ್ಕೊಳ್ಳಿ." ಕೂತೆ. ರುಕ್ಕು ನನ್ನ ಜಾಗದಲ್ಲಿ ನಿಂತಳು.

ಎದುರು ನಿಂತು ಹಿಡಿದವರಿಗೆ ಹಿಡಿತ ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ರುಕ್ಕುವಿನ ಚಿಕ್ಕ ಬೆರಳುಗಳು ಹೊಂಬಾಳೆಯ ಬೆರಳುಗಳ ನಡುವೆ ಹೋಗಿ, ಡಬ್ಬಿಗೆ ಮುಚ್ಚಳ ಕೂರುವ ಹಾಗೆ ಕೂತವು. ಆ ಬಾಗಿದ ಕಿರುಬೆರಳಿಗೆ ನಾನು ಹತ್ತೊಂಬತ್ತು ವರ್ಷ ನನ್ನ ಬೆರಳನ್ನು ಒಂದಿಷ್ಟು ಓರೆ ಮಾಡಿಕೊಂಡು ಜಾಗ ಕೊಟ್ಟಿದ್ದೆ. ರುಕ್ಕು ಓರೆ ಮಾಡಲಿಲ್ಲ. ಬೇಕಾಗಲಿಲ್ಲ. ಹೊಂಬಾಳೆ ಎಣಿಸತೊಡಗಿದಳು. ನಾನೂ ಅಭ್ಯಾಸದಂತೆ ತುಟಿಯಲ್ಲಿ ಎಣಿಸಿದೆ. ಐವತ್ತು, ಅರವತ್ತು. ಅರವತ್ತೆಂಟಕ್ಕೆ ಹೊಂಬಾಳೆ ಬೆಂಚಿನ ಕಡೆ ಮತ್ತೊಮ್ಮೆ ನೋಡಿ, ಬಗ್ಗಿ ರುಕ್ಕುವಿಗೆ ಏನೋ ಹೇಳಿದಳು. ರುಕ್ಕು ಏನೋ ಅಂದಳು. ಹೊಂಬಾಳೆ ಮತ್ತೇನೋ ಹೇಳಿ ನಕ್ಕಳು. ಎಣಿಕೆ ತಪ್ಪಿಸದೆ, ಎಪ್ಪತ್ತು ಎಪ್ಪತ್ತೊಂದರ ನಡುವೆ, ಹೆಗಲು ಕುಣಿಯುವ ಹಾಗೆ ನಕ್ಕಳು.

ಇನ್ನೂರ ಎಂಬತ್ತಾರು ಸಲದಲ್ಲಿ ಅವಳು ದಾರ ಹಿಡಿದು ನಕ್ಕದ್ದನ್ನು ನಾನು ನೋಡಿರಲಿಲ್ಲ.

ನೂರ ನಾಲ್ಕು ದಾಟಿತು. ನೂರಿಪ್ಪತ್ತು ದಾಟಿತು. ನೂರ ನಲವತ್ತೊಂದಕ್ಕೆ ಅವರ ಕೈ ಸಡಿಲವಾಯಿತು. ಹನ್ನೊಂದು ಪಟ್ಟಿ. ಉರುಳೆಯವರು ಶಿಳ್ಳೆ ಹಾಕಿದರು. ಅವರಲ್ಲಿ ನನ್ನ ಗಂಡ ಸೋಮಶೇಖರರೂ ಇದ್ದರು. ನಿಂಬೆಹಣ್ಣಿನ ರಸ ನನ್ನ ಮೊಣಕೈವರೆಗೆ ಇಳಿದಿತ್ತು. ಯಾವಾಗ ಹಿಂಡಿದೆನೋ ಗೊತ್ತಿಲ್ಲ.

ಆ ವಾರದ ಪತ್ರದಲ್ಲಿ ನಾನು ಸುಳ್ಳು ಬರೆಯಲಿಲ್ಲ. "ಇನ್ನೂರ ಏಳನೆಯ ಕಂಬದಲ್ಲಿ ಬದಲಿ ಹಿಡಿತ ನಡೆಯಿತು. ಎಣಿಕೆ 141" ಎಂದು ಎರಡನೆಯ ಪುಟದ ಕೊನೆಗೆ ಹಾಕಿದೆ, ಕಿವಿ ಹರಿದ ಕಪ್ಪು ಮೇಕೆಯೊಂದು ಕಾಣೆಯಾದ ಪ್ರಕಟಣೆಯ ಕೆಳಗೆ. ಹೆಸರು ಹಾಕಲಿಲ್ಲ. ಪಟ್ಟಿಯ ಸಂಖ್ಯೆಗೆ ಜಾಗ ಸಾಲಲಿಲ್ಲ. ಜಾಗ ಎಷ್ಟಿದೆ ಎಂದು ನಿರ್ಧರಿಸುವವಳು ನಾನೇ.

ಹೊಂಬಾಳೆಯನ್ನು ಕೇಳಿದೆ. ನಲ್ಲಿಯ ಹತ್ತಿರ ಸಿಕ್ಕಿದಾಗ, ಬೇರೇನೋ ಮಾತಿನ ನಡುವೆ ಎಂಬಂತೆ. "ಅವತ್ತು ಅರವತ್ತೆಂಟರಲ್ಲಿ ಏನೋ ನಕ್ಕೆಯಲ್ಲ, ಏನದು?" ಹೊಂಬಾಳೆ ಕೊಡ ಎತ್ತಿಕೊಳ್ಳುತ್ತಾ, "ಅರವತ್ತೆಂಟರಲ್ಲಾ? ನಿನ್ನ ತಲೆ ತಲೆಯೋ, ಗೋಡೆ ಗಡಿಯಾರವೋ! ಯಾರಿಗೆ ನೆನಪಿರತ್ತೆ ಮಾರಾಯ್ತಿ" ಅಂದಳು. ನನಗೆ ನೆನಪಿತ್ತು. ಮನೆಗೆ ಬಂದು ಗಂಡನನ್ನು ಕೇಳಿದೆ. "ನಾನು ಉರುಳೆ ಹತ್ತಿರ ಇದ್ದೆ, ನನಗೇನು ಕೇಳತ್ತೆ? ನಗೋದು ತಪ್ಪಾ? ನೀನು ಒಂದು ಸಲ ನಗಿಸಬೇಕಿತ್ತು" ಅಂದರು. ಅವತ್ತು ಅವರ ತಟ್ಟೆಗೆ ಉಪ್ಪಿಲ್ಲದ ಸಾರು ಬಿತ್ತು. ಅವರೇ ಎದ್ದು ಉಪ್ಪಿನ ಡಬ್ಬಿ ತಂದುಕೊಂಡರು.

ಬೆರಳು ವಾಸಿಯಾಗುವ ಹೊತ್ತಿಗೆ ಮರಿಯಪ್ಪ ಅಚ್ಚುಕೂಟಕ್ಕೇ ಬಂದರು. ಸುತ್ತಿ ಬಳಸಿ ಮಾತಾಡುವವರಲ್ಲ. "ನಿಮಗೆ ಅಂಕಿ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಜೋಡಿ ನೂರ ನಾಲ್ಕು, ಆ ಜೋಡಿ ನೂರ ನಲವತ್ತೊಂದು. ಹೆಚ್ಚು ನಿಲ್ಲುವ ಜೋಡಿಗೆ ಜಾಗ. ಮುಂದಿನ ಗಾಳಿಗೆ ಹೊಂಬಾಳಮ್ಮ, ರುಕ್ಕು. ನೀವು ಬೆಂಚು." ನಾನು ಹೊಂಬಾಳೆ ಏನಂದಳು ಎಂದು ಕೇಳಿದೆ. "ಆಗಲಿ ಅಂದರು." ಬೇರೇನೂ ಅನ್ನಲಿಲ್ಲವಾ? ಮರಿಯಪ್ಪ ಸ್ವಲ್ಪ ಯೋಚಿಸಿ, "'ಬಳ್ಳಿ ಉಳೀಬೇಕಲ್ಲ' ಅಂದರು" ಅಂದರು. ನಾನು ಕರಡಿನಲ್ಲಿ ಇಲ್ಲದ ತಪ್ಪೊಂದನ್ನು ತಿದ್ದಿ, ಆಮೇಲೆ ತಿದ್ದಿದ್ದನ್ನು ಹೊಡೆದು ಹಾಕಿದೆ.

ಆ ಮೇಲೆ ಹದಿನೇಳು ದಿನ ಗಾಳಿ ಬರಲಿಲ್ಲ. ಆ ಹದಿನೇಳು ದಿನದಲ್ಲಿ ರುಕ್ಕು ಒಂಬತ್ತು ಸಲ ಹೊಂಬಾಳೆಯ ಮನೆಗೆ ಹೋದಳು, ಎರಡು ಸಲ ಸೊಪ್ಪು ಕೊಡಲು, ಒಂದು ಸಲ ಒನಕೆ ಕೇಳಲು, ಉಳಿದ ಆರು ಸಲ ಯಾಕೆಂದು ಗೊತ್ತಾಗಲಿಲ್ಲ. ಅಚ್ಚುಕೂಟದ ಕಿಟಕಿಯಿಂದ ಹೊಂಬಾಳೆಯ ಮನೆಯ ಮೆಟ್ಟಿಲು ಕಾಣುತ್ತದೆ. ಒಂದು ಮಧ್ಯಾಹ್ನ ಇಬ್ಬರೂ ಆ ಮೆಟ್ಟಿಲ ಮೇಲೆ ಕೂತಿದ್ದರು. ಹೊಂಬಾಳೆ ತನ್ನ ಬಾಗಿದ ಕಿರುಬೆರಳನ್ನು ತೋರಿಸಿ ಏನೋ ಹೇಳುತ್ತಿದ್ದಳು. ಒರಳುಕಲ್ಲಿನ ಕತೆ. ನನಗೆ ಆ ಕತೆ ಹೇಳಲು ಅವಳಿಗೆ ನಾಲ್ಕು ವರ್ಷ ಬೇಕಾಗಿತ್ತು.

ಗಾಳಿ ಬಂದದ್ದು ವೈಶಾಖ ಬಹುಳ ಪಂಚಮಿ, ಹಗಲು ಹನ್ನೊಂದೂಕಾಲಕ್ಕೆ. ನಾನು ಕಿಟಕಿಯ ಬಳಿ ಇದ್ದೆ. ಗಂಟೆ ಬಾರಿಸುವವನಿಗಿಂತ ಮೊದಲು ಕಹಿ ವಾಸನೆ ನನಗೆ ಬಂತು. ಆ ಕ್ಷಣದಲ್ಲಿ ನಾನು ಮಾಡಿದ ಲೆಕ್ಕ ಇಷ್ಟು: ನಾನು ಮೊದಲೇ ಹೋಗಿ ನನ್ನ ಕಡೆಯಲ್ಲಿ ಹಿಡಿದು ನಿಂತರೆ, ಹೊಂಬಾಳೆ ಬಂದು ತನ್ನ ಕಡೆಯಲ್ಲಿ ಹಿಡಿಯಲೇಬೇಕು. ಹಿಡಿದ ಕೈಯನ್ನು ಬಿಡಿಸಿ ಇನ್ನೊಂದನ್ನು ಇಡುವ ಪದ್ಧತಿ ನಮ್ಮಲ್ಲಿ ಇಲ್ಲ. ರುಕ್ಕು ಬೆಂಚಿನ ಮೇಲೆ ಕೂರುತ್ತಾಳೆ. ನೂರ ನಾಲ್ಕರ ಮೇಲೆ ಇನ್ನಷ್ಟು ನಿಲ್ಲುತ್ತೇನೆ, ಬೇಕಾದರೆ ಕೈ ಕಿತ್ತು ಹೋಗಲಿ. ನಾನು ಓಡಿದೆ. ಮರಿಯಪ್ಪ ಆಗ ತಾನೆ ಬಟ್ಟಲಿಗೆ ನೀರು ಹಾಕುತ್ತಿದ್ದರು. "ಅಮ್ಮಾ, ಇವತ್ತು ನೀವು..." ಅನ್ನುವಷ್ಟರಲ್ಲಿ ನಾನೇ ಬೆರಳು ಅದ್ದಿ ಮಣಿಕಟ್ಟಿಗೆ ಬೊಟ್ಟಿಟ್ಟುಕೊಂಡೆ. ನಡೆಯುತ್ತಾ ಊದಿ ಒಣಗಿಸಿದೆ. ದಾರ ಹಿಡಿದೆ.

ಒಂಟಿ ಹಿಡಿತ ಹಿಡಿಯಬಾರದು ಎಂದು ನಮಗೆಲ್ಲ ಹೇಳಿಕೊಟ್ಟಿರುತ್ತಾರೆ. ಯಾಕೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎದುರು ಕೈ ಇಲ್ಲದಿದ್ದರೆ ಅಂಗೈ ದಾರಕ್ಕೆ ಅಂಟಿಕೊಳ್ಳುತ್ತದೆ, ಆದರೆ ದಾರ ನಿಗುರುವುದಿಲ್ಲ. ಒಂದು ಕಡೆಗೆ ಜಗ್ಗಿ ಚಪ್ಪಟೆಯಾಗುತ್ತದೆ. ನಕಲಿನವರಲ್ಲಿ ಮೊದಲಿನವನು ಬಟ್ಟೆ ಒತ್ತಿ ನೋಡಿ, "ಅಚ್ಚೇ ಏಳ್ತಿಲ್ಲ" ಅಂದ. ಎರಡನೆಯವನೂ ಅದನ್ನೇ ಅಂದ. ಕೈ ತೆಗೆಯೋಣವೆಂದರೆ ಬರಲಿಲ್ಲ. ಜೋಡಿ ಕೂಡಿ ಸಡಿಲವಾದರಷ್ಟೆ ಬಿಡುವ ಹಿಡಿತ ಅದು. ಜಾಗ ತುಂಬಿತ್ತು, ಕೆಲಸ ಆಗುತ್ತಿರಲಿಲ್ಲ. ನಾನು ಅಲ್ಲಿ ನಿಂತಿರುವವರೆಗೆ ಬೇರೆ ಯಾವ ಜೋಡಿಯೂ ಅಲ್ಲಿ ಹಿಡಿಯುವಂತಿರಲಿಲ್ಲ.

ಹೊಂಬಾಳೆ ಬರಲಿಲ್ಲ. ಗಂಟೆ ಬಾರಿಸಿ ಮುಗಿಯಿತು. ನಾನು ಎಣಿಸುತ್ತಿದ್ದೆ, ಇನ್ನೇನು ಮಾಡಲಿ? ಇನ್ನೂರು. ಮುನ್ನೂರು. ಹಂಚಿನ ಸಂದಿನಿಂದ, ಗಾಳಿ ಮೊದಲು ತಾಗುವ ಪಡುವಣ ಕೇರಿಯ ಮೇಲಿನ ಬಳ್ಳಿ ಕಾಣುತ್ತಿತ್ತು. ಎಲೆಗಳು ಬಾಯಿ ತೆರೆದುಕೊಂಡೇ ಇದ್ದವು, ಮೊದಲು ಜೋತವು, ಆಮೇಲೆ ಅಂಚುಗಳು ಕಂದಾದವು. ಪಡುವಣ ಕೇರಿಯಲ್ಲಿ ಹನ್ನೊಂದು ಮನೆ. ಹೊಂಬಾಳೆಯದು ನಾಲ್ಕನೆಯದು.

ಅವಳು ಬಂದಾಗ ಎಣಿಕೆ ನಾನೂರ ಹನ್ನೆರಡು. ಜೊತೆಗೆ ರುಕ್ಕು ಇದ್ದಳು. ಕೆಳಗೇರಿಗೆ ಹೋಗಿ ಅವಳನ್ನು ಕರೆದುಕೊಂಡು ಬಂದಿದ್ದಳು; ಹೊಸಬಳು, ಮೊದಲ ದೊಡ್ಡ ಗಾಳಿ, ಹೆದರಿಕೊಂಡಾಳು ಎಂದು. ನನ್ನನ್ನು ಹತ್ತೊಂಬತ್ತು ವರ್ಷದಲ್ಲಿ ಅವಳು ಒಮ್ಮೆಯೂ ಮನೆಗೆ ಬಂದು ಕರೆದಿರಲಿಲ್ಲ. ಬಾಗಿಲಲ್ಲಿ ಮರಿಯಪ್ಪನ ಮುಂದೆ ರುಕ್ಕುವಿನ ಹೆಗಲು ಹಿಡಿದು ಮುಂದೆ ತಳ್ಳಿ, "ಮೊದಲು ಇವಳಿಗೆ ಹಾಕಿ" ಅಂದದ್ದು ಇನ್ನೂರ ಏಳನೆಯ ಕಂಬದವರೆಗೆ ಕೇಳಿಸಿತು.

ಆಮೇಲೆ ನನ್ನನ್ನು ನೋಡಿದಳು. ನನ್ನ ಕೈ, ಜಗ್ಗಿದ ದಾರ, ಒದ್ದೆ ಬಟ್ಟೆ ಹಿಡಿದು ಸುಮ್ಮನೆ ನಿಂತ ನಕಲಿನವರು. ಒಂದು ಕ್ಷಣಕ್ಕೆ ಎಲ್ಲ ಅರ್ಥವಾಯಿತು ಅವಳಿಗೆ. ಹತ್ತಿರ ಬಂದಳು. "ನಾನು ಬರೋವರೆಗೆ ಕಾಯೋಕೆ ಆಗಲಿಲ್ವಾ ನಿನಗೆ?" ಅಂದಳು, ನನಗೊಬ್ಬಳಿಗೇ ಕೇಳುವ ಹಾಗೆ. ನಾನು "ಹಿಡಿ" ಅಂದೆ. ಅವಳು ಮಣಿಕಟ್ಟು ತೋರಿಸಿದಳು. ಸುಣ್ಣ ಇನ್ನೂ ಹಸಿ. ಒಣಗಲು ಇಪ್ಪತ್ತು ಮೂವತ್ತು ಎಣಿಕೆಯಾದರೂ ಬೇಕಿತ್ತು. ಹಂಚಿನ ಸಂದಿನ ಕಡೆ ನೋಡಿದಳು. ತನ್ನ ಮನೆಯ ಮೇಲಿನ ಹೂವು ಉದುರುವುದು ಅವಳಿಗೆ ಕಂಡಿರಬೇಕು. ರುಕ್ಕುವಿನ ಮಣಿಕಟ್ಟಿನ ಬೊಟ್ಟು ಒಣಗಿ ಬೆಳ್ಳಗಾಗಿತ್ತು.

"ರುಕ್ಕು, ನೀನು ಹಿಡಿ," ಅಂದಳು ಹೊಂಬಾಳೆ. "ಯಾವ ಕಡೆ ಅಕ್ಕಾ?" "ಎದುರು. ನನ್ನ ಕಡೆ."

ರುಕ್ಕು ಬಂದು ಹಿಡಿದಳು. ದಾರ ಒಮ್ಮೆ ಮಿಡಿದು ನಿಗುರಿತು. ಆ ಬೆರಳುಗಳಿಗೆ ಓರೆ ಮಾಡಿ ಜಾಗ ಕೊಡಬೇಕಾಗಲಿಲ್ಲ. ನನ್ನ ಬೆರಳು ಹತ್ತೊಂಬತ್ತು ವರ್ಷದ ಅಭ್ಯಾಸದಿಂದ ತಾನಾಗಿ ಓರೆಯಾಯಿತು, ಆಮೇಲೆ ನಾಚಿದ ಹಾಗೆ ನೆಟ್ಟಗಾಯಿತು. ನಕಲಿನವರು ಹೊರಟರು. ಹೊಂಬಾಳೆ ಹೋಗಿ ಬೆಂಚಿನ ಮೇಲೆ ಕೂತಳು. ಎಣಿಸುವವರು ಯಾರೂ ಇರಲಿಲ್ಲ; ನಾನು ತುಟಿಯಲ್ಲಿ ಹೊಸದಾಗಿ ಒಂದರಿಂದ ಶುರುಮಾಡಿದೆ.

ನಲವತ್ತರ ಹತ್ತಿರ ರುಕ್ಕು ನನ್ನ ಮುಖ ನೋಡಿ ನಕ್ಕಳು. "ಹೊಂಬಾಳಕ್ಕ ಹೇಳಿದ್ದು ಸರಿ." ಏನು ಹೇಳಿದಳು ಎಂದು ಕೇಳಬಾರದು ಅಂದುಕೊಂಡೆ. ಕೇಳಿದೆ. "ಅವತ್ತು ನಿಮ್ಮ ಬೆರಳಿಗೆ ನಿಂಬೆಹಣ್ಣು ಇತ್ತಲ್ಲ. 'ಅಲ್ಲಿ ನೋಡೇ, ಬೆರಳಿಗೆ ನಿಂಬೆಹಣ್ಣು, ತುಟಿಗೆ ಎಣಿಕೆ, ಬೆಂಚಿನ ಮೇಲೆ ಕೂತರೂ ಬಿಟ್ಟಿಲ್ಲ' ಅಂದರು. ನಾನು, 'ನೀವು ಎಣಿಸ್ತಿದೀರಲ್ಲ, ಅವರು ಯಾಕೆ?' ಅಂದೆ. 'ಅಯ್ಯೋ ಪೆದ್ದಿ, ನನಗೆಲ್ಲಿ ಬರತ್ತೆ ಎಣಿಕೆ? ಐವತ್ತರ ಮೇಲೆ ನನಗೆ ಎಲ್ಲ ಕಲಸಿಹೋಗತ್ತೆ. ಹತ್ತೊಂಬತ್ತು ವರ್ಷದಿಂದ ಅವಳ ತುಟಿ ನೋಡಿಕೊಂಡೇ ಕೂಗ್ತಿದೀನಿ, ಅವಳಿಗೇ ಗೊತ್ತಿಲ್ಲ' ಅಂತ ನಕ್ಕರು. ಚೆನ್ನಾಗಿದೆ ಅಲ್ವಾ ಅಕ್ಕಾ?"

ನಾನು ಬೆಂಚಿನ ಕಡೆ ನೋಡಿದೆ. ಹೊಂಬಾಳೆ ನನ್ನ ತುಟಿ ನೋಡುತ್ತಿರಲಿಲ್ಲ. ರುಕ್ಕುವಿನ ಬೆರಳುಗಳು ನನ್ನ ಬೆರಳುಗಳಲ್ಲಿ ಕೂತ ಬಗೆಯನ್ನು ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನಿಂಬೆಹಣ್ಣು ಹಿಂಡುವವರ ನೋಟ. ಅವಳ ಮಣಿಕಟ್ಟಿನ ಸುಣ್ಣ ಈಗ ಪೂರ್ತಿ ಒಣಗಿತ್ತು.

ಕೈ ಸಡಿಲವಾದಾಗ ನನ್ನ ಎಣಿಕೆ ನೂರ ಅರವತ್ತೆಂಟು. ಹದಿಮೂರು ಪಟ್ಟಿ. ಹೊರಗೆ ಎಲೆಗಳು ಬಾಯಿ ಮುಚ್ಚುತ್ತಿದ್ದವು. ಮರಿಯಪ್ಪ ಓಡಿ ಬಂದು, "ಎಷ್ಟು, ಎಷ್ಟು?" ಎಂದು ರುಕ್ಕುವನ್ನು ಕೇಳಿದರು. "ನಾನು ಎಣಿಸಲಿಲ್ಲ, ಅಕ್ಕನ್ನ ಕೇಳಿ." ಎಲ್ಲರೂ ನನ್ನ ಕಡೆ ತಿರುಗಿದರು. ನೂರು ಅಂದಿದ್ದರೆ ನೂರೇ ಆಗುತ್ತಿತ್ತು. ಪಟ್ಟಿ ಹದಿಮೂರು ಹೇಗೆ ಬಂತು ಎಂದು ಮರಿಯಪ್ಪ ತಲೆ ಕೆರೆದುಕೊಳ್ಳುತ್ತಿದ್ದರು, ಅಷ್ಟೆ. ನನ್ನ ಬಾಯಲ್ಲಿ ತಪ್ಪು ಅಂಕಿ ಬಂದ ಅಭ್ಯಾಸವಿರಲಿಲ್ಲ. ನೂರ ಅರವತ್ತೆಂಟು ಅಂದೆ. ಬೇಕಾದ್ದಕ್ಕಿಂತ ಗಟ್ಟಿಯಾಗಿ ಅಂದೆ, ಬೆಂಚಿನವರೆಗೆ ಕೇಳುವ ಹಾಗೆ. ಅದನ್ನೂ ಒಪ್ಪಿಕೊಳ್ಳಬೇಕು.

ಹೊಂಬಾಳೆ ಸೆರಗಿನ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು ಮಣಿಕಟ್ಟಿನ ಸುಣ್ಣ ಒರೆಸಿದಳು. ಅದು ಸುಲಭಕ್ಕೆ ಹೋಗುವುದಿಲ್ಲ. ತುಂಬ ಹೊತ್ತು ಒರೆಸಿದಳು.

ಊರು ನನ್ನನ್ನು ಹೊಗಳಿತು. ಗಂಟೆಗೂ ಮೊದಲು ಓಡಿಬಂದವಳು, ಒಂಟಿ ಕೈಯಲ್ಲಿ ನಾನೂರು ಎಣಿಕೆ ಜಾಗ ಕಾದವಳು. ಉರುಳೆಯವರು ಚಪ್ಪಾಳೆ ತಟ್ಟಿದರು. ಗಂಡ ಮಾತ್ರ ಮನೆಗೆ ಬಂದ ಮೇಲೆ, "ಜಾಗ ಕಾದೆಯೋ, ಜಾಗ ಅಡ್ಡಗಟ್ಟಿದೆಯೋ?" ಎಂದು ಕೇಳಿದರು. ನಾನು ಕರಡು ಬರೆಯಲು ಕೂತೆ. ವಾರಪತ್ರದಲ್ಲಿ ಬರೆದೆ: "ಪಡುವಣ ಕೇರಿಯ ಹನ್ನೊಂದು ಮನೆಗಳ ಮೇಲೆ ಎಲೆ ಸುಟ್ಟಿದೆ, ಹೂವು ಉದುರಿದೆ. ಎಣಿಕೆ 168, ಪಟ್ಟಿ 13." ಕಾರಣದ ಸಾಲು ಬಿಟ್ಟೆ. ಹೊಂಬಾಳೆಯ ಮನೆಯವರು ಈ ವರ್ಷ ಬೇರೆಯವರ ಸೂರಿನ ಕಾಯಿ ತಿನ್ನುತ್ತಿದ್ದಾರೆ. ನಾನು ಕಳಿಸಿದ ಬುಟ್ಟಿ ತೊಳೆದ ಬುಟ್ಟಿಯಾಗಿ ವಾಪಸು ಬಂತು, ಕಾಯಿಗಳ ಸಮೇತ. ನಿಜ ಏನೆಂದು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಹೆಚ್ಚು ನಿಲ್ಲುವ ಜೋಡಿಗೆ ಜಾಗ. ಇನ್ನೂರ ಏಳನೆಯ ಕಂಬ ಈಗ ರುಕ್ಕುವಿನದು ಮತ್ತು ನನ್ನದು. ಯಾವುದನ್ನು ಬಿಟ್ಟುಕೊಡಬಾರದೆಂದು ಓಡಿದೆನೋ ಆ ಜಾಗ ನನಗೇ ಉಳಿಯಿತು. ಯಾರ ಎದುರು ನಿಲ್ಲಬೇಕೆಂದು ಓಡಿದೆನೋ ಅವಳು ಬೆಂಚಿಗೆ ಹೋದಳು. ಬೆಂಚಿನ ಮೇಲೆ ಸುಮ್ಮನೆ ಕೂರುವುದು ಬೇಡವೆಂದು ಮರಿಯಪ್ಪ ಅವಳಿಗೆ ಎಣಿಕೆ ಕೂಗುವ ಕೆಲಸ ಕೊಟ್ಟರು. "ಹತ್ತೊಂಬತ್ತು ವರ್ಷ ಕೂಗಿದವರು. ಅವರಿಗಿಂತ ನಿಖರ ಯಾರು?" ಅಂದರು. ಹೊಂಬಾಳೆ ನನ್ನ ಮುಖ ನೋಡಲಿಲ್ಲ. "ಆಗಲಿ" ಅಂದಳು.

ಅಂದಿನಿಂದ ಒಂಬತ್ತು ಸಲ ಗಾಳಿ ಬಂದಿದೆ. ಮೊದಲ ಸಲವೇ ನನಗೆ ಗೊತ್ತಾಯಿತು. ಅವಳು ನಿಧಾನವಾಗಿ ಎಣಿಸುತ್ತಾಳೆ. ನನ್ನ ನಾಡಿ ಎರಡು ಸಲ ಬಡಿದರೆ ಒಂದು ಎಣಿಕೆ ಎಂಬುದು ನಮ್ಮ ಹಳೆಯ ನಡೆ. ಈಗ ಮೂರು ಬಡಿದರೂ ಒಮ್ಮೊಮ್ಮೆ ಅವಳು ಬಾಯಿ ತೆರೆಯುವುದಿಲ್ಲ. ಎಪ್ಪತ್ತರ ಮೇಲೆ ಇನ್ನೂ ನಿಧಾನ. ನೂರು ದಾಟಿದ ಮೇಲೆ ಒಂದೊಂದು ಅಂಕಿಯನ್ನೂ ಬಾವಿಯಿಂದ ಸೇದಿ ತೆಗೆದ ಹಾಗೆ ತೆಗೆಯುತ್ತಾಳೆ. ನಮ್ಮ ಕೈ ಸಡಿಲವಾಗುವ ಹೊತ್ತಿಗೆ ಅವಳ ಎಣಿಕೆ ನೂರ ಎರಡೋ ನೂರ ಮೂರೋ ಆಗಿರುತ್ತದೆ. ಒಂಬತ್ತು ಸಲದಲ್ಲಿ ಒಮ್ಮೆಯೂ ನೂರ ನಾಲ್ಕು ಆಗಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈ ನನ್ನ ಕೈಯಲ್ಲಿದ್ದಾಗ ಆದ ಆ ಅಂಕಿಯನ್ನು ಅವಳು ಮುಟ್ಟಗೊಡುವುದಿಲ್ಲ.

"ಏನೋ ಲೆಕ್ಕ ಹೊಂದ್ತಿಲ್ಲ," ಎಂದು ಮರಿಯಪ್ಪ ಹೇಳುತ್ತಿರುತ್ತಾರೆ. "ಎಣಿಕೆ ನೂರ ಮೂರು, ಪಟ್ಟಿ ಹದಿಮೂರು. ಅದು ಹೇಗೆ ಕಮಲಾಕ್ಷಮ್ಮ? ನೀವು ತುಟಿಯಲ್ಲಿ ಎಣಿಸ್ತೀರಲ್ಲ, ನಿಮ್ಮದೆಷ್ಟು ಬಂತು?" ರುಕ್ಕು ನನ್ನ ಮುಖ ನೋಡುತ್ತಾಳೆ. ಬೆಂಚಿನ ಮೇಲಿಂದ ಹೊಂಬಾಳೆ ಕೂಡ ನೋಡುತ್ತಾಳೆ. ಈ ಪ್ರಶ್ನೆ ಬಂದಾಗ ಮಾತ್ರ ನೋಡುತ್ತಾಳೆ.

"ನೂರ ಮೂರೇ," ಅನ್ನುತ್ತೇನೆ. ವಾರಪತ್ರದಲ್ಲಿ ಪಟ್ಟಿಯ ಸಂಖ್ಯೆಗೆ ಜಾಗ ಸಾಲುವುದಿಲ್ಲ. ಎಣಿಕೆ 103 ಎಂದು ಮೊದಲ ಪುಟದ ಮೇಲೆ, ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಈಗೀಗ ದಾರ ಹಿಡಿದು ನಿಂತಾಗ ನನ್ನ ತುಟಿಯೂ ಅವಳ ಲೆಕ್ಕಕ್ಕೇ ಅಲ್ಲಾಡುತ್ತದೆ. ಐವತ್ತರ ಮೇಲೆ ಅವಳಿಗೆ ಕಲಸಿಹೋಗುತ್ತದಲ್ಲ, ಹಾಗಾಗಿ ಮುಖವನ್ನು ಬೆಂಚಿನ ಕಡೆ ಸ್ವಲ್ಪ ತಿರುಗಿಸಿ, ಕಾಣುವ ಹಾಗೆ, ನಿಧಾನವಾಗಿ ಎಣಿಸುತ್ತೇನೆ.